ಡಯಲ್ 2ರಲ್ಲಿದೆ, ಮಾನಿಟರ್‌ನಲ್ಲಿ 1.1 ಬರ್ತಿದೆ: ಸೆವೋಫ್ಲುರೇನ್ ಎಲ್ಲಿ ಹೋಗುತ್ತೆ?

ಓಟಿ ಸೆಕೆಂಡ್ ಇಯರ್:

ಬಿ.ಎಸ್ಸಿ. ಅನಸ್ತೇಷಿಯಾ ಟೆಕ್ನಾಲಜಿ ಎರಡನೇ ವರ್ಷ. ಮೂರು ಸಂಶಯ ಇವೆ, ಮೂರೂ ಒಂದಕ್ಕೊಂದು ಅಂಟಿಕೊಂಡಿವೆ ಅನ್ನಿಸುತ್ತೆ.

ಫ್ರೆಶ್ ಗ್ಯಾಸ್ (ಯಂತ್ರದಿಂದ ಹೊಸದಾಗಿ ಬರುವ ಗ್ಯಾಸ್) ನಿಮಿಷಕ್ಕೆ 2 ಲೀಟರ್, ಉಸಿರಿನ ಮೂಲಕ ಮಂಪರು ಕೊಡುವ ಸೆವೋಫ್ಲುರೇನ್‌ನ ಡಯಲ್ 2 ಪರ್ಸೆಂಟ್. ಐದು ನಿಮಿಷ ಆದಮೇಲೂ ರೋಗಿ ಹೊರಬಿಡುವ ಉಸಿರಿನಲ್ಲಿ 1.1 ಅಂತಲೇ ತೋರಿಸುತ್ತದೆ. ಇದು ಮಾಮೂಲಾ, ಇಲ್ಲ ವೇಪರೈಸರ್ (ಔಷಧದ ದ್ರವವನ್ನು ಆವಿ ಮಾಡುವ ಡಬ್ಬಿ) ಕೆಟ್ಟಿದೆಯಾ?

ಎರಡನೆಯದು: ರಕ್ತದಲ್ಲಿ ಕಡಿಮೆ ಕರಗುವ ಏಜೆಂಟ್ (ಮಂಪರು ಗ್ಯಾಸ್) ಬೇಗ ಕೆಲಸ ಮಾಡುತ್ತೆ ಅಂತ ಪುಸ್ತಕದಲ್ಲಿದೆ. ಉಲ್ಟಾ ಇರಬೇಕಲ್ವಾ? ಜಾಸ್ತಿ ಕರಗಿದರೆ ಜಾಸ್ತಿ ಔಷಧ ಮಿದುಳಿಗೆ ಹೋಗಬೇಕು ತಾನೆ?

ಮೂರನೆಯದು: ಮಿದುಳಿಗೆ ಹೋಗಿ ಅದು ಮಾಡುವುದಾದರೂ ಏನು? ಒಬ್ಬರು ಕೊಬ್ಬಿನ ಪೊರೆ ಅಂತಾರೆ, ಇನ್ನೊಬ್ಬರು ಗಾಬಾ (ನರಕೋಶವನ್ನು ತಣಿಸುವ ರಾಸಾಯನಿಕ) ಅಂತಾರೆ.

ಮಂಪರು ಮೇಷ್ಟ್ರು:

ವೇಪರೈಸರ್ ಕೆಟ್ಟಿಲ್ಲ. ಡಯಲ್ ಹೇಳುವುದು ವೇಪರೈಸರ್ ಬಾಯಿಂದ ಹೊರಬೀಳುವ ಗ್ಯಾಸಿನ ಸಂಗತಿ ಮಾತ್ರ. ಅಲ್ಲಿಂದ ಮಿದುಳಿನವರೆಗೆ ಎರಡು ಕಡೆ ತಡೆ ಇದೆ, ಮೊದಲು ಸರ್ಕ್ಯೂಟ್, ಆಮೇಲೆ ರಕ್ತ.

ಸರ್ಕ್ಯೂಟ್ ಲೆಕ್ಕ ಸುಲಭ. ಕೊಳವೆ, ಬ್ಯಾಗ್, ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಹರಳಿನ ಡಬ್ಬಿ ಎಲ್ಲ ಸೇರಿ ಸುಮಾರು 6 ಲೀಟರ್, ರೋಗಿಯ ಶ್ವಾಸಕೋಶದಲ್ಲಿ ಉಸಿರು ಬಿಟ್ಟಮೇಲೂ ಉಳಿಯುವ ಗಾಳಿ ಇನ್ನೊಂದು 2 ಲೀಟರ್. ಒಟ್ಟು 8 ಲೀಟರ್ ಜಾಗಕ್ಕೆ ನಿಮಿಷಕ್ಕೆ 2 ಲೀಟರ್ ಬಿಟ್ಟರೆ 4 ನಿಮಿಷದ ಕೊನೆಗೆ ಮುಟ್ಟುವುದು ಗುರಿಯ 63 ಪರ್ಸೆಂಟ್. 95 ಪರ್ಸೆಂಟ್ ಮುಟ್ಟಲು ಅದರ ಮೂರು ಪಟ್ಟು, ಅಂದರೆ 12 ನಿಮಿಷ. ಫ್ಲೋ 6 ಲೀಟರಿಗೆ ಏರಿಸಿದರೆ ಇಷ್ಟೇ ಕೆಲಸ 4 ನಿಮಿಷದಲ್ಲಿ ಮುಗಿಯುತ್ತದೆ. ಶುರುವಿನಲ್ಲಿ ಫ್ಲೋ ಜಾಸ್ತಿ ಇಟ್ಟು ಆಮೇಲೆ 1 ಲೀಟರಿಗೋ ಅರ್ಧ ಲೀಟರಿಗೋ ಇಳಿಸುವುದು ಇದೇ ಕಾರಣಕ್ಕೆ. ನೀವು ಕೊಟ್ಟ 2 ಲೀಟರ್, ಐದು ನಿಮಿಷ ಅನ್ನುವ ಲೆಕ್ಕದಲ್ಲಿ ರೋಗಿ ಒಳಗೆಳೆಯುವ ಗಾಳಿಯಲ್ಲೇ ಇನ್ನೂ 2 ಆಗಿಲ್ಲ. ಅದರಲ್ಲಿ ಒಂದು ಪಾಲನ್ನು ರಕ್ತ ಹೊತ್ತೊಯ್ಯುತ್ತಿದೆ. ಹಾಗಾಗಿ 1.1 ಸರಿಯಾಗೇ ಇದೆ.

ಈಗ ಎರಡನೇ ಪ್ರಶ್ನೆ. ಇಲ್ಲಿ ಎಲ್ಲರೂ ಜಾರುವುದು ಒಂದೇ ಕಡೆ: ಮಿದುಳನ್ನು ಮಲಗಿಸುವುದು ಏಜೆಂಟಿನ ಪ್ರಮಾಣ ಅಂದುಕೊಳ್ಳುತ್ತಾರೆ. ಮಲಗಿಸುವುದು ಅದರ ಆಂಶಿಕ ಒತ್ತಡ, ಅಂದರೆ ಮಿಶ್ರಣದ ಒಟ್ಟು ಒತ್ತಡದಲ್ಲಿ ಆ ಒಂದು ಗ್ಯಾಸಿನ ಪಾಲು. 760 ಮಿ.ಮೀ. (ಪಾದರಸದ ಮಟ್ಟ) ವಾಯುಭಾರದಲ್ಲಿ 2 ಪರ್ಸೆಂಟ್ ಎಂದರೆ ಸುಮಾರು 15 ಮಿ.ಮೀ. ಶ್ವಾಸಕೋಶದ ಗಾಳಿಚೀಲ, ಅಪಧಮನಿಯ ರಕ್ತ, ಮಿದುಳು ಈ ಮೂರೂ ಕಡೆ ಒತ್ತಡ ಸಮ ಆಗುವ ತನಕ ಏಜೆಂಟ್ ಹರಿಯುತ್ತಲೇ ಇರುತ್ತದೆ. ಮಿದುಳಿಗೆ ರಕ್ತ ಧಾರಾಳವಾಗಿ ಸಿಗುವುದರಿಂದ ಗಾಳಿಚೀಲದ ಒತ್ತಡವನ್ನು ಅದು ಕೆಲವೇ ನಿಮಿಷಗಳಲ್ಲಿ ಹಿಂಬಾಲಿಸುತ್ತದೆ. ಹೊರಬಿಡುವ ಉಸಿರಿನ ಅಂಕಿಯನ್ನು ನಂಬುವುದು, ಡಯಲ್ ಅಂಕಿಯನ್ನು ನಂಬದಿರುವುದು ಇದಕ್ಕೇ.

ರಕ್ತದಲ್ಲಿ ಏಜೆಂಟ್ ತುಂಬಾ ಕರಗಿತು ಅನ್ನಿ. ಶ್ವಾಸಕೋಶ ದಾಟುವ ಪ್ರತಿ ಲೀಟರ್ ರಕ್ತವೂ ಗಾಳಿಚೀಲದಿಂದ ದೊಡ್ಡ ಪಾಲು ಎಳೆದುಕೊಂಡು ಹೋಗುತ್ತದೆ, ಗಾಳಿಚೀಲದಲ್ಲಿ ಒತ್ತಡ ಏರುವುದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಎಳೆದುಕೊಂಡಷ್ಟೂ ಕೊನೆ ಭಾಗದಲ್ಲಿ ನೀರಿನ ಮಟ್ಟ ಏರದಿರುವ ಹಾಗೆ. ರಕ್ತದೊಳಗೆ ಮಾಲು ಬೇಕಾದಷ್ಟಿದೆ, ಆದರೆ ಕರಗಿ ಕೂತಿದೆ, ಒತ್ತಡ ಇಲ್ಲ.

ರಕ್ತ-ಗ್ಯಾಸ್ ಅನುಪಾತ ನೋಡಿ (ಅಂಕಿ ದೊಡ್ಡದಾದಷ್ಟೂ ರಕ್ತದಲ್ಲಿ ಹೆಚ್ಚು ಕರಗುತ್ತದೆ): ಡೆಸ್‌ಫ್ಲುರೇನ್ 0.42, ನೈಟ್ರಸ್ ಆಕ್ಸೈಡ್ 0.47, ಸೆವೋಫ್ಲುರೇನ್ 0.65, ಐಸೋಫ್ಲುರೇನ್ 1.4, ಹಾಲೋಥೇನ್ 2.4, ಹಳೆಯ ಈಥರ್ 12. ಈಥರ್ ಕಾಲದಲ್ಲಿ ರೋಗಿ ಒದ್ದಾಡುವ ಎರಡನೇ ಹಂತವನ್ನು ಕೈಕಾಲು ಹಿಡಿದುಕೊಂಡೇ ದಾಟಿಸಬೇಕಿತ್ತು. ಸೆವೋಫ್ಲುರೇನ್‌ನಲ್ಲಿ ಮಗುವಿಗೆ ಆ ಹಂತ ಕೆಲವು ಸೆಕೆಂಡುಗಳಲ್ಲಿ ಕಳೆದುಹೋಗುತ್ತದೆ. ಏಳುವಾಗಲೂ ಇದೇ ಕ್ರಮ, ಕಡಿಮೆ ಕರಗುವುದು ಬೇಗ ಹೊರಬೀಳುತ್ತದೆ.

ಇದರಿಂದ ಹುಟ್ಟುವ ಒಂದು ಅಪಾಯ ನಿಮ್ಮ ಪರೀಕ್ಷೆಗೂ ಬೇಕು, ಓಟಿಗೂ ಬೇಕು. ರಕ್ತಸ್ರಾವವಾಗಿ ಹೃದಯ ಕಡಿಮೆ ಪಂಪ್ ಮಾಡುತ್ತಿರುವ ರೋಗಿಯಲ್ಲಿ ಶ್ವಾಸಕೋಶದಿಂದ ಏಜೆಂಟ್ ಹೊತ್ತೊಯ್ಯುವ ರಕ್ತ ಕಮ್ಮಿ. ಗಾಳಿಚೀಲದ ಒತ್ತಡ ಬೇಗ ಏರುತ್ತದೆ, ಇದ್ದಷ್ಟು ರಕ್ತದಲ್ಲೂ ದೊಡ್ಡ ಪಾಲು ಮಿದುಳಿಗೇ ಹೋಗುತ್ತದೆ. ಮಂಪರು ಆಳವಾಗುತ್ತದೆ, ಬಿಪಿ ಇನ್ನೂ ಬೀಳುತ್ತದೆ, ಹೃದಯ ಇನ್ನೂ ಕಮ್ಮಿ ಪಂಪ್ ಮಾಡುತ್ತದೆ. ಒಂದು ಸಲ ಆ ಸುಳಿಗೆ ಬಿದ್ದರೆ ಡಯಲ್ ಇಳಿಸದೆ ಬೇರೆ ಏನು ಮಾಡಿದರೂ ಸಾಲದು. ಹೆಚ್ಚು ಕರಗುವ ಏಜೆಂಟ್‌ಗಳಲ್ಲಿ ಈ ಏರಿಕೆ ಇನ್ನೂ ಎದ್ದು ಕಾಣುತ್ತದೆ.

ಮಿದುಳು ಬಳ್ಳಿ:

ಮೂರನೆಯದಕ್ಕೆ ನಾನು ಬರೆಯುತ್ತೇನೆ.

ಕೊಬ್ಬಿನ ವಾದ 1899ರಲ್ಲಿ ಮೇಯರ್, 1901ರಲ್ಲಿ ಓವರ್ಟನ್ ಹೇಳಿದ್ದು. ಆಲಿವ್ ಎಣ್ಣೆಯಲ್ಲಿ ಎಷ್ಟು ಹೆಚ್ಚು ಕರಗುತ್ತದೋ ಅಷ್ಟು ಪ್ರಬಲ. ಈ ಹೊಂದಾಣಿಕೆ ಇವತ್ತಿಗೂ ಹೆಚ್ಚುಕಡಿಮೆ ನಿಜ. ಹಾಲೋಥೇನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತೆ, 0.75 ಪರ್ಸೆಂಟ್ ಸಾಕು; ನೈಟ್ರಸ್ ಅಷ್ಟಾಗಿ ಕರಗಲ್ಲ, ಸಮುದ್ರಮಟ್ಟದ ಒತ್ತಡದಲ್ಲಿ 104 ಪರ್ಸೆಂಟ್ ಬೇಕಾಗುತ್ತದೆ, ಅಂದರೆ ಅದೊಂದರಿಂದಲೇ ಶಸ್ತ್ರಚಿಕಿತ್ಸೆ ಆಗದು. ಗಮನಿಸಿ, ರಕ್ತದಲ್ಲಿ ಕರಗುವುದು ವೇಗವನ್ನು ಹೇಳುತ್ತದೆ, ಎಣ್ಣೆಯಲ್ಲಿ ಕರಗುವುದು ಬಲವನ್ನು ಹೇಳುತ್ತದೆ. ವೈವಾದಲ್ಲಿ ಇವೆರಡನ್ನು ಕಲಸಿದವರು ಬಹಳ.

ಆದರೆ ಪೊರೆಯ ಕೊಬ್ಬಿನಲ್ಲಿ ಕರಗಿದ್ದಕ್ಕೇ ನರ ಸುಮ್ಮನಾಗುತ್ತದೆ ಅನ್ನುವ ವಿವರಣೆ ನಿಲ್ಲಲಿಲ್ಲ. ಎಡಗೈ-ಬಲಗೈಯಂತಿರುವ ಐಸೋಫ್ಲುರೇನ್‌ನ ಎರಡು ರೂಪಗಳು ಕೊಬ್ಬಿನಲ್ಲಿ ಒಂದೇ ಸಮ ಕರಗಿದರೂ ನರದ ಪ್ರೋಟೀನ್‌ಗಳ ಮೇಲೆ ಒಂದೇ ಸಮ ಕೆಲಸ ಮಾಡುವುದಿಲ್ಲ. 1984ರಲ್ಲಿ ಫ್ರಾಂಕ್ಸ್ ಮತ್ತು ಲೀಬ್ ಮಿಣುಕುಹುಳದ ಲೂಸಿಫರೇಸ್ ಎಂಬ ಪ್ರೋಟೀನನ್ನು, ಕೊಬ್ಬು ಒಂದಿಷ್ಟೂ ಇಲ್ಲದ ದ್ರಾವಣದಲ್ಲಿ, ಅರಿವಳಿಕೆ ಏಜೆಂಟ್‌ಗಳು ಮಾಮೂಲಿ ಪ್ರಮಾಣದಲ್ಲೇ ತಡೆಯುತ್ತವೆ ಎಂದು ತೋರಿಸಿದರು. ಅಲ್ಲಿಂದ ಗಮನ ಪ್ರೋಟೀನ್ ಕಡೆ ತಿರುಗಿತು.

ಈಗಿನ ತಿಳಿವಳಿಕೆ ಹೀಗೆ: ಸೆವೋ, ಐಸೋ, ಡೆಸ್ ಮೂರೂ ಗಾಬಾ-ಎ ಗ್ರಾಹಿಯ (ಗಾಬಾ ಬಂದು ಕೂರುವ ಪ್ರೋಟೀನ್) ಕ್ಲೋರೈಡ್ ಬಾಗಿಲು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುತ್ತವೆ. ಬೆನ್ನುಹುರಿಯಲ್ಲಿ ಗ್ಲೈಸೀನ್ ಗ್ರಾಹಿಗೂ ಇದೇ ಗತಿ. ಜೊತೆಗೆ ಎರಡು-ರಂಧ್ರದ ಪೊಟ್ಯಾಸಿಯಂ ಬಾಗಿಲುಗಳು ತೆರೆದು ನರಕೋಶ ಉದ್ರೇಕದಿಂದ ಇನ್ನಷ್ಟು ದೂರ ಸರಿಯುತ್ತದೆ. ನೈಟ್ರಸ್ ಮತ್ತು ಜೆನಾನ್ ದಾರಿಯೇ ಬೇರೆ, ಅವು ಮುಖ್ಯವಾಗಿ ನರಕೋಶವನ್ನು ಉದ್ರೇಕಿಸುವ ಎನ್‌ಎಂಡಿಎ ಗ್ರಾಹಿಯನ್ನು ಮುಚ್ಚುತ್ತವೆ. ಒಂದೇ ಬೀಗಕ್ಕೆ ಒಂದೇ ಕೀಲಿ ಅನ್ನುವ ಉತ್ತರ ಇಲ್ಲಿ ಹುಡುಕಬೇಡಿ.

ಇನ್ನೊಂದು ವಿಷಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಕತ್ತಿ ಇಟ್ಟಾಗ ರೋಗಿ ಅಲುಗಾಡದಿರುವುದು ಬಹುಪಾಲು ಬೆನ್ನುಹುರಿಯ ಕೆಲಸ. 1993ರಲ್ಲಿ ಮೇಕೆಗಳಲ್ಲಿ ರಕ್ತ ಪರಿಚಲನೆ ಬೇರ್ಪಡಿಸಿ ಮಿದುಳಿಗೆ ಮಾತ್ರ ಐಸೋಫ್ಲುರೇನ್ ಕೊಟ್ಟು ನೋಡಿದರು. ಇಡೀ ಮೈಗೆ ಕೊಟ್ಟಾಗ 1.2 ಪರ್ಸೆಂಟಿನಲ್ಲಿ ಅಲುಗಾಟ ನಿಲ್ಲುತ್ತಿದ್ದುದು, ಮಿದುಳಿಗೆ ಮಾತ್ರ ಕೊಟ್ಟಾಗ 2.9 ಬೇಕಾಯಿತು. ನೆನಪು ಅಳಿಸುವುದು, ಅರಿವು ತಪ್ಪಿಸುವುದು, ಅಲುಗಾಟ ನಿಲ್ಲಿಸುವುದು ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಪ್ರಮಾಣದಲ್ಲಿ ಆಗುವ ಕೆಲಸಗಳು. ನೋವು ಕಳೆಯುವುದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಸೆವೋಫ್ಲುರೇನ್ ನೋವಿನ ಔಷಧ ಅಲ್ಲ, ಫೆಂಟಾನಿಲ್ಲೋ ನರಕ್ಕೆ ಬ್ಲಾಕೋ ಕೊಡದೆ ನಿಲ್ಲಿಸಿದರೆ ರೋಗಿ ಚೀರುತ್ತಲೇ ಏಳುತ್ತಾರೆ.

ಮಂಪರು ಮೇಷ್ಟ್ರು:

ಮೇಲಿನದಕ್ಕೆ ಸೇರಿಸುವುದು: ಆ 0.75, 104 ಎಲ್ಲ ಮ್ಯಾಕ್ ಅಂಕಿಗಳು. ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಮಂದಿ ಅಲುಗಾಡದಿರುವ ಗಾಳಿಚೀಲದ ಪ್ರಮಾಣ. ನಲವತ್ತರ ಆಸುಪಾಸಿನವರಲ್ಲಿ ಸೆವೋ ಸುಮಾರು 2, ಐಸೋ 1.2, ಡೆಸ್ 6. ಅಂದರೆ 1 ಮ್ಯಾಕ್‌ನಲ್ಲಿ ಇನ್ನೂ ಅರ್ಧ ಜನ ಅಲುಗಾಡುತ್ತಾರೆ. ನೂರಕ್ಕೆ 95 ಮಂದಿಗೆ ಸಾಕಾಗಲು 1.3 ಬೇಕು. ಕಣ್ಣು ತೆರೆಯುವ ಗಡಿ ಸುಮಾರು ಮೂರನೇ ಒಂದು ಮ್ಯಾಕ್. ನಲವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು 6 ಪರ್ಸೆಂಟ್ ಇಳಿಯುತ್ತದೆ, ಎಂಬತ್ತರ ಅಜ್ಜಿಗೆ ಸೆವೋ 1.5 ಸಾಕು. ಗರ್ಭಿಣಿಯರಿಗೆ, ಮೈ ತಣ್ಣಗಾದವರಿಗೆ, ಓಪಿಯಾಯ್ಡ್ (ಫೆಂಟಾನಿಲ್‌ನಂಥ ನೋವಿನ ಔಷಧ) ಕೊಟ್ಟವರಿಗೆ ಕಮ್ಮಿ ಬೇಕು. ದಿನಾ ಕುಡಿಯುವವರಿಗೆ ಜಾಸ್ತಿ ಬೇಕು, ಆದರೆ ಕುಡಿದೇ ಬಂದವರಿಗೆ ಕಮ್ಮಿ.

ಸ್ನಾಯು ಸಡಿಲಿಸುವ ಔಷಧ ಕೊಟ್ಟಾಗ ಅಲುಗಾಟ ಅನ್ನುವ ಸೂಚನೆಯೇ ಇರುವುದಿಲ್ಲ. ಆಗ ವೇಪರೈಸರ್ ಖಾಲಿಯಾಗಿದ್ದರೆ ರೋಗಿ ಎಚ್ಚರವಿದ್ದು ಕದಲಲಾಗದೆ ಮಲಗಿರುತ್ತಾರೆ. ಕಡಿಮೆ ಮ್ಯಾಕ್‌ನ ಅಲಾರಂ 0.7ಕ್ಕೆ ಇಟ್ಟು ಶುರು ಮಾಡಿ, ಸದ್ದು ಮಾಡುತ್ತೆ ಅಂತ ಆಫ್ ಮಾಡಬೇಡಿ.

ಸ್ಪ್ಯಾನರ್ ಸಿದ್ದ:

ಡಾಕ್ಟರುಗಳು ಮೈಯೊಳಗಿನದ್ದು ಹೇಳಿದರು, ಡಬ್ಬಿಯೊಳಗಿನದ್ದು ನಾನು ಹೇಳ್ತೀನಿ, ಟೆಕ್ನಾಲಜಿ ಓದೋರಿಗೆ ಅದೇ ಅನ್ನ.

20 ಡಿಗ್ರಿಯಲ್ಲಿ ಸೆವೋಫ್ಲುರೇನ್‌ನ ಆವಿ ಒತ್ತಡ ಸುಮಾರು 160 ಮಿ.ಮೀ. ಅಂದರೆ ಡಬ್ಬಿಯೊಳಗೆ 160ನ್ನು 760ರಿಂದ ಭಾಗಿಸಿದಷ್ಟು, 21 ಪರ್ಸೆಂಟ್ ಆವಿ ತುಂಬಿಕೊಂಡಿರುತ್ತದೆ. ಅದನ್ನೇ ನೇರ ಕೊಟ್ಟರೆ ಹತ್ತು ಮ್ಯಾಕ್. ಅದಕ್ಕೇ ಡಯಲ್ ಬರುವ ಗ್ಯಾಸನ್ನು ಎರಡು ಪಾಲು ಮಾಡುತ್ತದೆ. 1000 ಮಿ.ಲೀ. ಬಂದರೆ, 2 ಪರ್ಸೆಂಟಿಗೆ ಡಬ್ಬಿಯೊಳಗೆ ಹೋಗುವುದು ಸುಮಾರು 77 ಮಿ.ಲೀ. ಮಾತ್ರ, ಉಳಿದ 923 ಪಕ್ಕದ ದಾರಿಯಲ್ಲಿ ಹಾದುಹೋಗಿ ಮುಂದೆ ಸೇರಿಕೊಳ್ಳುತ್ತದೆ. ದ್ರವ ಆವಿಯಾಗ್ತಾ ತಣ್ಣಗಾದರೆ ಆವಿ ಕಮ್ಮಿಯಾಗುತ್ತಲ್ಲ, ಅದನ್ನು ಸರಿದೂಗಿಸಲು ಎರಡು ಲೋಹದ ಪಟ್ಟಿ ಬಾಗಿ ಡಬ್ಬಿಯ ಪಾಲು ಹೆಚ್ಚಿಸುತ್ತದೆ.

ಈಗ ತಪ್ಪು ಬಾಟಲಿ ಸುರಿದರೆ ಏನಾಗುತ್ತೆ ನೋಡಿ. ಐಸೋಫ್ಲುರೇನ್‌ನ ಆವಿ ಒತ್ತಡ ಸುಮಾರು 240. ಸೆವೋ ವೇಪರೈಸರಿಗೆ ಅದನ್ನು ಹಾಕಿ ಡಯಲ್ 2 ಇಟ್ಟರೆ ಹೊರಗೆ ಬರೋದು ಸುಮಾರು 3.4 ಪರ್ಸೆಂಟ್ ಐಸೋ. ಅದರ ಮ್ಯಾಕ್ 1.2. ಅಂದರೆ ಒಂದು ಮ್ಯಾಕ್ ಅಂದುಕೊಂಡು ಹತ್ತಿರ ಹತ್ತಿರ ಮೂರು ಕೊಟ್ಟ ಹಾಗಾಯಿತು. ಬಾಟಲಿ ಕತ್ತಿನ ಕೀ ಸಿಸ್ಟಂ ಇರುವುದೇ ಇದಕ್ಕೆ: ಸೆವೋ ಹಳದಿ, ಐಸೋ ನೇರಳೆ, ಡೆಸ್ ನೀಲಿ, ಹಾಲೋಥೇನ್ ಕೆಂಪು. ಕೀ ಇಲ್ಲದೆ ಆಲಿಕೆ ಇಟ್ಟು ತುಂಬಿಸುವ ಹಳೇ ಮಾದರಿಯಲ್ಲಿ ಬಣ್ಣ ಒಂದೇ ಕಾವಲು.

ಕಳಚಿ ತಂದ ವೇಪರೈಸರನ್ನು ಕೈಯಲ್ಲಿ ಅಡ್ಡ ಹಿಡಿಯಬೇಡಿ. ದ್ರವ ಪಕ್ಕದ ದಾರಿಗೆ ಇಳಿದರೆ ಡಯಲ್ ಏನೇ ಇದ್ದರೂ ಭಾರಿ ಡೋಸ್ ಹೊರಬೀಳುತ್ತೆ. ಬಾಗಿದ್ದು ಗೊತ್ತಾದರೆ ರೋಗಿಗೆ ಜೋಡಿಸದೆ ಜಾಸ್ತಿ ಫ್ಲೋನಲ್ಲಿ 20ರಿಂದ 30 ನಿಮಿಷ ಗ್ಯಾಸ್ ಹಾಯಿಸಿ, ಏಜೆಂಟ್ ಮಾನಿಟರ್ ಅಂಕಿ ಡಯಲಿಗೆ ಹೊಂದಿದ ಮೇಲಷ್ಟೇ ಬಳಸಿ.

ಸೋಡಾ ಲೈಮ್ ಬಗ್ಗೆ ಒಂದೇ ಮಾತು: ಶನಿವಾರ ಆಕ್ಸಿಜನ್ ಫ್ಲೋ ಬಂದ್ ಮಾಡದೆ ಹೋದರೆ ಸೋಮವಾರದ ಹೊತ್ತಿಗೆ ಒಣಗಿರುತ್ತೆ. ಒಣ ಸೋಡಾ ಲೈಮ್ ಮೇಲೆ ಡೆಸ್‌ಫ್ಲುರೇನ್ ಹಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಪಲ್ಸ್ ಆಕ್ಸಿಮೀಟರ್ ಅದನ್ನು ಹಿಡಿಯೋದಿಲ್ಲ. ಸಂಶಯ ಬಂದರೆ ಬದಲಾಯಿಸಿ. ಬಣ್ಣ ಮಾತ್ರ ನಂಬಬೇಡಿ, ಮುಗಿದುಹೋದ ಹರಳು ರಾತ್ರಿ ಕಳೆದರೆ ಮತ್ತೆ ಹಳೆ ಬಣ್ಣಕ್ಕೆ ತಿರುಗಿ ಮೋಸ ಮಾಡುತ್ತೆ. ಒಳಗೆಳೆಯುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸೊನ್ನೆಗಿಂತ ಮೇಲೇಳುತ್ತಿದೆಯಾ ನೋಡಿ.

ಓಟಿ ಸೆಕೆಂಡ್ ಇಯರ್:

ತುಂಬಾ ಥ್ಯಾಂಕ್ಸ್. ಒತ್ತಡವೇ ಮುಖ್ಯ ಅಂದರೆ ಇನ್ನೊಂದು ಪ್ರಶ್ನೆ ಬರುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ವಾಯುಭಾರ 760 ಇರಲ್ಲ. ಹಾಗಾದರೆ ಮಂಗಳೂರಿನ ಡಯಲ್ ಇಲ್ಲಿಗೆ ನಡೆಯುತ್ತಾ?

ಮಂಪರು ಮೇಷ್ಟ್ರು:

ಒಳ್ಳೆ ಪ್ರಶ್ನೆ. ಬೆಂಗಳೂರಿನಲ್ಲಿ ಸುಮಾರು 685 ಮಿ.ಮೀ. ಇಟ್ಟುಕೊಳ್ಳಿ.

ಸೆವೋ, ಐಸೋ ಡಬ್ಬಿಗಳಲ್ಲಿ ಆವಿಯ ಒತ್ತಡ ಉಷ್ಣಾಂಶದ ಮೇಲೆ ನಿಂತಿದೆ, ಊರಿನ ಎತ್ತರದ ಮೇಲಲ್ಲ. ಡಯಲ್ 2ರಲ್ಲಿ ಮಂಗಳೂರಿನಲ್ಲಿ 15 ಮಿ.ಮೀ. ಬಂದರೆ ಬೆಂಗಳೂರಿನಲ್ಲೂ ಹತ್ತಿರ ಹತ್ತಿರ 15 ಮಿ.ಮೀ. ಪರ್ಸೆಂಟ್ ಲೆಕ್ಕದಲ್ಲಿ ಅದು 2.2 ಅಂತ ಕಾಣುತ್ತದೆ, ಮಿದುಳಿಗೆ ವ್ಯತ್ಯಾಸ ಇಲ್ಲ. ಡಯಲ್ ಮುಟ್ಟಬೇಡಿ.

ಡೆಸ್‌ಫ್ಲುರೇನ್ ಬೇರೆ. ಅದು 23 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಮಾಮೂಲಿ ಡಬ್ಬಿ ನಡೆಯದು. ಕರೆಂಟಿನಿಂದ 39 ಡಿಗ್ರಿಗೆ ಕಾಯಿಸಿ, ಸುಮಾರು ಎರಡು ವಾತಾವರಣದ ಒತ್ತಡದಲ್ಲಿ ಆವಿಯನ್ನು ಅಳೆದು ಬೆರೆಸುತ್ತದೆ. ಅದು ಕೊಡುವುದು ಪರ್ಸೆಂಟ್. 685ರ 6 ಪರ್ಸೆಂಟ್ 41 ಮಿ.ಮೀ., 760ರದ್ದು 46 ಮಿ.ಮೀ. ಸರಿದೂಗಿಸಲು 6ನ್ನು 760ರಿಂದ ಗುಣಿಸಿ 685ರಿಂದ ಭಾಗಿಸಿ, 6.7 ಆಗುತ್ತದೆ. ನೈಟ್ರಸ್ಸಿಗೂ ಇದೇ ನಷ್ಟ: ಮಂಗಳೂರಿನಲ್ಲಿ 66 ಪರ್ಸೆಂಟ್ ಕೊಟ್ಟರೆ 0.63 ಮ್ಯಾಕ್, ಬೆಂಗಳೂರಿನಲ್ಲಿ 0.57.

ರಾತ್ರಿಪಾಳಿ:

ನೈಟ್ರಸ್ ಮಾತು ಬಂತಲ್ಲ, ಎರಡು ಎಚ್ಚರಿಕೆ. ಅದು ರಕ್ತದಲ್ಲಿ ಸಾರಜನಕಕ್ಕಿಂತ 34 ಪಟ್ಟು ಹೆಚ್ಚು ಕರಗುವುದರಿಂದ ಮೈಯೊಳಗೆ ಮುಚ್ಚಿದ ಗಾಳಿ ಎಲ್ಲಿದ್ದರೂ ಅಲ್ಲಿಗೆ ನುಗ್ಗುವ ವೇಗ, ಸಾರಜನಕ ಹೊರಬರುವ ವೇಗಕ್ಕಿಂತ ಎಷ್ಟೋ ಹೆಚ್ಚು. ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಸೇರಿಕೊಂಡ ಗಾಳಿ) 75 ಪರ್ಸೆಂಟ್ ನೈಟ್ರಸ್‌ನಲ್ಲಿ ಹತ್ತು ನಿಮಿಷಕ್ಕೆ ಎರಡರಷ್ಟಾಗಬಲ್ಲದು. ಕರುಳು ಅಡಚಣೆ, ಮಧ್ಯಕಿವಿ ಸರ್ಜರಿ, ಕಣ್ಣಿನೊಳಗೆ ಗ್ಯಾಸ್ ಬಿಟ್ಟಿರುವ ರೋಗಿ, ಇವರಿಗೆ ಬೇಡ. ಇನ್ನೊಂದು, ನೈಟ್ರಸ್ ವಿಟಮಿನ್ ಬಿ12ನ್ನು ನಿಷ್ಕ್ರಿಯ ಮಾಡುತ್ತದೆ. ನಮ್ಮಲ್ಲಿ ಕಟ್ಟಾ ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ತಳ ಹಿಡಿದಿರುವುದುಂಟು. ಕೈಕಾಲು ಜೋಮು, ರಕ್ತಹೀನತೆ ಇದ್ದವರಿಗೆ ನೈಟ್ರಸ್ ಬಿಟ್ಟು ನಡೆಸುವುದೇ ಕ್ಷೇಮ.

ಮತ್ತೆ, ಆವಿ ಏಜೆಂಟ್‌ಗಳ ಬಗ್ಗೆ ಬರೆದು ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ (ಇವುಗಳಿಂದ ಕೆಲವರಲ್ಲಿ ಹತ್ತುವ ಜೀವಾಪಾಯದ ಪ್ರತಿಕ್ರಿಯೆ) ಬಿಟ್ಟರೆ ಹೇಗೆ? ಬಹುಪಾಲು ಆರ್‌ವೈಆರ್1 ಜೀನಿನ ದೋಷ. ಸೆವೋ, ಐಸೋ, ಡೆಸ್, ಹಾಲೋಥೇನ್, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಇವು ಕಿಡಿ ಹಚ್ಚುತ್ತವೆ. ನೈಟ್ರಸ್, ರಕ್ತನಾಳಕ್ಕೆ ಕೊಡುವ ಮಂಪರು ಔಷಧ ಪ್ರೊಪೋಫಾಲ್ ಹಚ್ಚುವುದಿಲ್ಲ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಕಟ್ಟೆಯೊಡೆದು ಸ್ನಾಯು ಬಿಗಿದುಕೊಳ್ಳುತ್ತದೆ. ಹೆಸರು ನಂಬಿ ಜ್ವರಕ್ಕೆ ಕಾಯಬೇಡಿ, ಅದು ಬಹಳ ಸಲ ತಡವಾಗಿ ಬರುತ್ತದೆ. ಮೊದಲು ಏರುವುದು ಹೊರಬಿಡುವ ಕಾರ್ಬನ್ ಡೈಆಕ್ಸೈಡ್, ವೆಂಟಿಲೇಟರ್ ವೇಗ ಹೆಚ್ಚಿಸಿದರೂ ಏರುತ್ತಲೇ ಹೋಗುತ್ತದೆ. ಜೊತೆಗೆ ನಾಡಿ ಓಟ, ದವಡೆ ಬಿಗಿತ, ಮುಟ್ಟಿದರೆ ಸುಡುವ ಸೋಡಾ ಲೈಮ್ ಡಬ್ಬಿ.

ವೇಪರೈಸರ್ ಆಫ್, ಸಾಧ್ಯವಾದರೆ ಕಳಚಿ ಪಕ್ಕಕ್ಕೆ. ಶುದ್ಧ ಆಕ್ಸಿಜನ್ 10 ಲೀಟರಿಗಿಂತ ಮೇಲೆ, ಮಂಪರು ಪ್ರೊಪೋಫಾಲ್‌ನಲ್ಲಿ ಮುಂದುವರಿಸಿ, ಸರ್ಜನ್‌ಗೆ ಮುಗಿಸಲು ಹೇಳಿ. ಇದಕ್ಕೆ ಮದ್ದಾದ ಡ್ಯಾಂಟ್ರೋಲೀನ್ ಕೆ.ಜಿ.ಗೆ 2.5 ಮಿ.ಗ್ರಾಂ. 60 ಕೆ.ಜಿ. ಮನುಷ್ಯನಿಗೆ 150 ಮಿ.ಗ್ರಾಂ, ಅಂದರೆ 20 ಮಿ.ಗ್ರಾಂನ 8 ವಯಲ್. ಒಂದೊಂದನ್ನೂ 60 ಮಿ.ಲೀ. ಸ್ಟೆರೈಲ್ ವಾಟರ್‌ನಲ್ಲಿ ಕುಲುಕಿ ಕರಗಿಸಬೇಕು, ಸಲೈನ್‌ನಲ್ಲಲ್ಲ. ಅದು ಬೇಗ ಕರಗುವ ಪೈಕಿ ಅಲ್ಲ, ಕುಲುಕುವುದಕ್ಕೇ ಇಬ್ಬರನ್ನು ನಿಲ್ಲಿಸಿ. ಎಲ್ಲ ಆಸ್ಪತ್ರೆಯಲ್ಲೂ ಈ ಔಷಧ ಇಟ್ಟಿರುವುದಿಲ್ಲ; ನಿಮ್ಮ ಓಟಿಗೆ ಹತ್ತಿರದ ದಾಸ್ತಾನು ಎಲ್ಲಿದೆ ಅನ್ನುವುದು ಗೋಡೆಯ ಮೇಲೆ ಬರೆದಿರಬೇಕು.

ಸಿನಿಮಾ ಸಂಶಯ:

ನಾನು ಮೆಡಿಕಲ್ ಅಲ್ಲ. ಸಿನಿಮಾದಲ್ಲಿ ಕರ್ಚೀಫಿಗೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದ ತಕ್ಷಣ ಬೀಳ್ತಾರಲ್ಲ, ಅದು?

ಮಿದುಳು ಬಳ್ಳಿ:

ಕ್ಲೋರೋಫಾರ್ಮ್‌ನ ರಕ್ತ-ಗ್ಯಾಸ್ ಅನುಪಾತ 8ರ ಆಸುಪಾಸು. ಮೇಷ್ಟ್ರ ಲೆಕ್ಕ ಹಾಕಿದರೆ ಎರಡು ಸೆಕೆಂಡಲ್ಲ, ಹಲವು ನಿಮಿಷ, ಅದೂ ಎದುರಿನವನು ಕೊಸರಾಡದೆ ಉಸಿರೆಳೆಯುತ್ತಿದ್ದರೆ. ಅಷ್ಟರಲ್ಲಿ ಹೃದಯ ನಿಂತರೂ ನಿಂತೀತು. ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ, ನಮ್ಮ ನೆರೆಯಲ್ಲೇ. ನಿಜಾಮರ ಹೈದರಾಬಾದಿನಲ್ಲಿ ಬ್ರಿಟಿಷ್ ಸರ್ಜನ್ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ನಡೆಸಿ, ಸಾವು ಉಸಿರು ನಿಂತು ಬರುತ್ತದೆ, ಹೃದಯದಿಂದಲ್ಲ ಎಂದು ಹಟ ಹಿಡಿದರು. ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. 1911ರಲ್ಲಿ ಲೆವಿ ಬೆಕ್ಕುಗಳಲ್ಲಿ ತೋರಿಸಿದ್ದು ಬೇರೆ: ಮಂಪರು ಹಗುರ ಇರುವಾಗಲೇ ಹೃದಯದ ಕೆಳಕೋಣೆ ಅದುರಲು ಶುರುವಾಗಿ ನಿಲ್ಲುತ್ತದೆ.

ಓಟಿ ಸೆಕೆಂಡ್ ಇಯರ್:

ಕೊನೆಯದು. ಫ್ಲೋ ಇಳಿಸಿದರೆ ಎಷ್ಟು ಉಳಿತಾಯ ಅಂತ ಲೆಕ್ಕ ಹಾಕೋದು ಹೇಗೆ? ಮುಗಿಸುವಾಗ ಯಾವುದು ಮೊದಲು ಮುಚ್ಚಬೇಕು?

ಸ್ಪ್ಯಾನರ್ ಸಿದ್ದ:

ಮೂರು ಗುಣಿಸು ಫ್ಲೋ ಗುಣಿಸು ಡಯಲ್ ಪರ್ಸೆಂಟ್, ಗಂಟೆಗೆ ಇಷ್ಟು ಮಿ.ಲೀ. ದ್ರವ. 6 ಲೀಟರ್, 2 ಪರ್ಸೆಂಟ್ ಆದರೆ 36 ಮಿ.ಲೀ.; 1 ಲೀಟರ್ ಆದರೆ 6. 250 ಮಿ.ಲೀ. ಬಾಟಲಿ ಮೊದಲ ಫ್ಲೋನಲ್ಲಿ ಸುಮಾರು ಏಳು ಗಂಟೆ, ಎರಡನೆಯದರಲ್ಲಿ ಸುಮಾರು ನಲವತ್ತೆರಡು ಗಂಟೆ ಬರುತ್ತೆ. ಬೆಲೆ ಒಂದು ಕಡೆ, ಹೊರಗೆ ಬಿಟ್ಟದ್ದು ವಾತಾವರಣಕ್ಕೂ ಹೋಗುತ್ತೆ. ಡೆಸ್‌ಫ್ಲುರೇನ್ ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಸ್ಕಾಟ್ಲೆಂಡ್ 2023ರಲ್ಲೇ ಅದನ್ನು ನಿಲ್ಲಿಸಿತು, ಯುರೋಪಿಯನ್ ಒಕ್ಕೂಟದಲ್ಲಿ 2026ರ ಜನವರಿ 1ರಿಂದ ತೀರಾ ಅಗತ್ಯ ಬಿದ್ದರೆ ಮಾತ್ರ.

ಮುಗಿಸುವಾಗ ಡಯಲ್ ಮುಚ್ಚಿ ಫ್ಲೋ 1 ಲೀಟರಿನಲ್ಲೇ ಬಿಟ್ಟರೆ ಉಪಯೋಗ ಇಲ್ಲ. ರೋಗಿ ಹೊರಬಿಟ್ಟ ಆವಿ ಸುತ್ತಿ ಅವರಿಗೇ ಬರುತ್ತಿರುತ್ತೆ. ಹೊಲಿಗೆ ಕೊನೆ ಮುಟ್ಟುವವರೆಗೆ ಕಡಿಮೆ ಫ್ಲೋ ಇರಲಿ. ಆಮೇಲೆ ಡಯಲ್ ಸೊನ್ನೆ, ಆಕ್ಸಿಜನ್ 8ರಿಂದ 10 ಲೀಟರ್. ನೈಟ್ರಸ್ ಕೊಟ್ಟಿದ್ದರೆ ಅದನ್ನೂ ಆಗಲೇ ಬಂದ್ ಮಾಡಿ, ಐದರಿಂದ ಹತ್ತು ನಿಮಿಷ ಪೂರ್ತಿ ಆಕ್ಸಿಜನ್ ಕೊಡಿ, ಇಲ್ಲದಿದ್ದರೆ ಹೊರನುಗ್ಗುವ ನೈಟ್ರಸ್ ಗಾಳಿಚೀಲದ ಆಕ್ಸಿಜನ್ನನ್ನು ತೆಳುವಾಗಿಸುತ್ತದೆ. ಸೆವೋ ಅಂಕಿ 0.6ರ ಕೆಳಗೆ ಇಳಿಯುತ್ತಿದ್ದಂತೆ ಕಣ್ಣು ಬಿಡುವ ಹೊತ್ತು ಅಂತ ತಿಳಿದು ಸಕ್ಷನ್ ಕೈಯಲ್ಲಿ ಇಟ್ಟುಕೊಂಡಿರಿ.